ಜೀಪಿಗೆ ಸೈಲೆನ್ಸರ್ ಆರಿಸಿದ ವರ್ಷ

ನಮ್ಮವರಿಗೆ ಕಿವಿ ಕೇಳಿಸುತ್ತಿಲ್ಲ ಅಂತ ನನಗೆ ಮೊದಲು ಹೇಳಿದ್ದು ಡಾಕ್ಟರಲ್ಲ, ಒಬ್ಬ ಮೆಕ್ಯಾನಿಕ್. ಜೀಪಿಗೆ ಹೊಸ ಸೈಲೆನ್ಸರ್ ಆರಿಸೋಣ ಅಂತ ಹೋದವಳು ಈ ಸುದ್ದಿ ಹೊತ್ತುಕೊಂಡು ಮನೆಗೆ ಬಂದೆ. ಹದಿನಾಲ್ಕು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಉಂಡ ಹೆಂಡತಿಗೆ ಗೊತ್ತಾಗದ್ದು ಆ ಮುದುಕನಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ನಿನಗೆ ಹೇಗೆ ತಿಳಿಯಲಿಲ್ಲ ಅಂತ ಆಮೇಲೆ ಎಲ್ಲರೂ ಕೇಳಿದರು. ಮೈಸೂರಿನಿಂದ ನಾದಿನಿ ಫೋನ್ ಮಾಡಿ ಕೇಳಿದಳು, ಅವಳ ದನಿಯಲ್ಲಿ ಕೇಳುವುದಕ್ಕಿಂತ ಬೈಯುವುದೇ ಹೆಚ್ಚಿತ್ತು. ಬೈಯಲಿ ಬಿಡಿ. ನನಗೆ ನಾನೇ ಬೈದುಕೊಂಡಷ್ಟು ಅವಳೇನೂ ಬೈದಿಲ್ಲ.

ನಾವಿರುವುದು ಸ್ಟುಟ್‌ಗಾರ್ಟ್‌ನ ಒಂದು ಗುಡ್ಡದ ಮೇಲೆ. ಇವರ ಕೆಲಸ ಶ್ವೀಬರ್ಡಿಂಗೆನ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಕಾರಿನೊಳಗಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಾರೆ. ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ಮೀಟಿಂಗುಗಳೆಲ್ಲ ಸ್ಕ್ರೀನಿನ ಮೇಲೆ, ಮಾತಾಡಿದ್ದು ಕೆಳಗೆ ಅಕ್ಷರವಾಗಿ ಮೂಡುತ್ತಾ ಹೋಗುತ್ತದೆ. ನಾನು ಮೊದಲೆರಡು ವರ್ಷ ಮನೆಯಲ್ಲಿ ಕೂತು ಗೋಡೆ ನೋಡಿದೆ, ಆಮೇಲೆ ಒಂದು ಕೀಟಾದಲ್ಲಿ, ಅಂದರೆ ಪುಟ್ಟ ಮಕ್ಕಳ ಶಾಲೆಯಲ್ಲಿ, ಕೆಲಸಕ್ಕೆ ಸೇರಿದೆ. ನನ್ನ ಜರ್ಮನ್ ಎಲ್ಲ ಮೂರು ವರ್ಷದ ಮಕ್ಕಳು ಕಲಿಸಿದ್ದು. ತಪ್ಪು ಹೇಳಿದರೆ ಮುಖಕ್ಕೆ ಹೊಡೆದ ಹಾಗೆ ತಿದ್ದುತ್ತವೆ ಅವು, ದಾಕ್ಷಿಣ್ಯವೇ ಇಲ್ಲ. ಹಾಗಾಗಿ ಬೇಗ ಬಂತು.

ಇವರಿಗೆ ಮಾತ್ರ ಬರಲೇ ಇಲ್ಲ. ಕ್ಲಾಸಿಗೆ ಹೋದರು, ಒಂದೇ ಹಂತಕ್ಕೆ ಎರಡು ಸಲ ಕೂತರು, ಮೂರನೇ ಸಲ ಬಿಟ್ಟುಬಿಟ್ಟರು. ಪುಸ್ತಕ ಕೊಟ್ಟರೆ ಓದುತ್ತಾರೆ, ಬರೆಯುತ್ತಾರೆ, ವ್ಯಾಕರಣದಲ್ಲಿ ನನಗಿಂತ ಗಟ್ಟಿ. ಯಾರಾದರೂ ಬಾಯಿಬಿಟ್ಟರೆ ಮುಗಿಯಿತು. ಬೇಕರಿಯಲ್ಲಿ, ಬಸ್ಸಿನಲ್ಲಿ, ವೀಸಾ ಆಫೀಸಿನಲ್ಲಿ, ಕೆಳಗಿನ ಮನೆಯ ಅಜ್ಜಿಯ ಮುಂದೆ, ಎಲ್ಲ ಕಡೆ ಒಂದೇ ನಗು. ತಲೆ ಸ್ವಲ್ಪ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಚಿಕ್ಕದು ಮಾಡಿ, ಎರಡು ಸಲ ತಲೆಯಾಡಿಸಿ, 'ಯಾ, ಯಾ', ಅಂದರೆ ಹೌದು ಹೌದು, ಅನ್ನುವುದು. ಎದುರಿನವರು ಸಂತೋಷವಾಗಿ ಅತ್ತ ತಿರುಗಿದ ಮೇಲೆ ನನ್ನ ಕಡೆ ಬಗ್ಗಿ, 'ಏನಂತೆ?' ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಕನ್ನಡದಲ್ಲಿ ಹೇಳಬೇಕು. ಹೇಳಿ, ಜೊತೆಗೆ ಎರಡು ಮಾತು ಬೈಯುವುದು. ಇಷ್ಟು ವರ್ಷ ಇದ್ದೂ ರೊಟ್ಟಿ ಎಷ್ಟು ಬೇಕು ಅಂತ ಕೇಳಿದ್ದು ಅರ್ಥವಾಗಲ್ಲವೇನ್ರೀ, ಮನಸ್ಸಿಲ್ಲ ನಿಮಗೆ, ಅಷ್ಟೇ.

ಆ ನಗುವನ್ನು ನಾನು ಅಣಕಿಸುತ್ತಿದ್ದೆ. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ, ಹೋಳಿಗೆ ತಿಂದು ಕೂತ ಮೇಲೆ, ನಮ್ಮವರ ಜರ್ಮನ್ ತೋರಿಸಲಾ ಅಂತ ಎದ್ದು ನಿಂತು ತಲೆ ವಾಲಿಸಿ 'ಯಾ, ಯಾ' ಮಾಡುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವರೂ ನಗುತ್ತಿದ್ದರು. ಅಯ್ಯೋ ದೇವರೇ, ಅದನ್ನು ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮನೆಯಲ್ಲೂ ಗುರುತುಗಳಿದ್ದವು, ಇರಲಿಲ್ಲ ಅಂತ ಹೇಳಲಾರೆ. ಅಡುಗೆಮನೆಯಿಂದ 'ರೀ' ಅಂತ ಕೂಗಿದರೆ ಉತ್ತರವಿಲ್ಲ. ಎರಡನೇ ಸಲ ಕೂಗಿದರೂ ಇಲ್ಲ. ಮೂರನೆಯ ಸಲ ಸೌಟು ಹಿಡಿದುಕೊಂಡೇ ಹೋಗಿ ಎದುರಿಗೆ ನಿಲ್ಲಬೇಕು. ಗೆಳತಿಯರಿಗೆ ಹೇಳಿದರೆ, ನಮ್ಮನೆಯದೂ ಹಾಗೇ, ಗಂಡಸರ ಕಿವಿಯೇ ಅಷ್ಟು ಅಂದು ನಕ್ಕರು. ಸಿನಿಮಾ ನೋಡುವಾಗ ಕೆಳಗೆ ಅಕ್ಷರ ಬೇಕು, ಕನ್ನಡ ಸಿನಿಮಾಕ್ಕೂ ಬೇಕು, ಅಭ್ಯಾಸವಾಗಿಬಿಟ್ಟಿದೆ ಅನ್ನುತ್ತಿದ್ದರು. ಮೈಸೂರಿನಿಂದ ಅವರ ತಂಗಿ ಫೋನ್ ಮಾಡಿದರೆ ಅರ್ಧ ನಿಮಿಷ ಮಾತಾಡಿ ನನ್ನ ಕೈಗೆ ಕೊಡುತ್ತಿದ್ದರು. ಸೋಮಾರಿತನ ಅಂದುಕೊಂಡೆ. ಹೊರಗೆ ಕೇಳಿಸದಿದ್ದರೆ ಜರ್ಮನ್ ಬರುವುದಿಲ್ಲ, ಒಳಗೆ ಕೇಳಿಸದಿದ್ದರೆ ಹೆಂಡತಿಯ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡಕ್ಕೂ ಕಾರಣ ಸಿಕ್ಕಿಬಿಟ್ಟಿತ್ತಲ್ಲ, ಮೂರನೆಯದನ್ನು ಯಾಕೆ ಹುಡುಕಲಿ?

ಇನ್ನೂ ಒಂದು ಹೇಳಬೇಕು. ಕೀಟಾದಲ್ಲಿ ಯಾವ ಮಗುವಿಗೆ ಕಿವಿ ಮಂದ ಅಂತ ಕಂಡುಹಿಡಿಯುವವಳು ನಾನೇ. ಮಗು ಆಟವಾಡುವಾಗ ಬೆನ್ನ ಹಿಂದೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಮಾಮೂಲಿ ದನಿಯಲ್ಲಿ ಅದಕ್ಕೆ ಇಷ್ಟವಾದದ್ದೇನಾದರೂ ಹೇಳುತ್ತೇನೆ. ತಿರುಗದಿದ್ದರೆ ತಾಯಿಯನ್ನು ಕರೆಸುತ್ತೇವೆ. ಹಾಗೆ ಇಬ್ಬರು ಮಕ್ಕಳನ್ನು ಹಿಡಿದಿದ್ದೇನೆ, ಒಬ್ಬಳ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತಿದ್ದಳು. ಊರ ಮಕ್ಕಳ ಕಿವಿ ನೋಡುವ ಘನಂದಾರಿ ನಾನು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಕನ್ನಡ ಅಂದರೆ ನಾವಿಬ್ಬರೇ. ದಿನವಿಡೀ ಜರ್ಮನ್‌ನಲ್ಲಿ ನಕ್ಕು, ಗದರಿ, ಮೂಗೊರೆಸಿ ಬಂದವಳಿಗೆ ಸಂಜೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಬಾಯಿತುಂಬ ಮಾತಾಡುವುದಿದೆಯಲ್ಲ, ಆ ಅರ್ಧ ಗಂಟೆಗಾಗಿ ನಾನು ಬದುಕಿದ್ದೆ ಅಂದರೆ ಸುಳ್ಳಲ್ಲ. ಇವರು ಹೆಚ್ಚು ಮಾತಾಡುವವರಲ್ಲ. ಕೇಳುತ್ತಾರೆ ಅಂತ ನಾನು ತಿಳಿದಿದ್ದೆ. ಈ ದೇಶದಲ್ಲಿ ನನ್ನ ಮಾತಿಗೆ ಇದ್ದದ್ದು ಒಂದೇ ಜೊತೆ ಕಿವಿ.

ಇನ್ನು ಜೀಪು. ಅದು ನಿಜವಾದ ಜೀಪಲ್ಲ, ಜಪಾನಿನ ಯಾವುದೋ ಕಂಪನಿಯ ಹಳೇ ನಾಲ್ಕು ಚಕ್ರ ಎಳೆಯುವ ಪೆಟ್ರೋಲ್ ಗಾಡಿ. ಆದರೆ ಎತ್ತರಕ್ಕಿದ್ದು ಚೌಕವಾಗಿದ್ದರೆ ನಮಗೆಲ್ಲ ಜೀಪೇ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ನಮ್ಮ ಮದುವೆಗಿಂತ ಹಳೆಯದು. ಇಲ್ಲಿ ಕಾಡಿನ ದಾರಿಗೆ ಗಾಡಿ ಇಳಿಸುವ ಹಾಗಿಲ್ಲ. ಒಂದು ಗಂಟೆ ದೂರದಲ್ಲಿ ಒಂದು ಹಳೇ ಕಲ್ಲು ಗಣಿ ಇದೆ, ಶನಿವಾರ ಅಲ್ಲಿ ಟಿಕೆಟ್ ತೆಗೆದುಕೊಂಡು ಗುಂಡಿ, ದಿಣ್ಣೆ, ಕೆಸರು ಅಂತ ಸಂಜೆತನಕ ಓಡಿಸಬಹುದು. ಅಲ್ಲಿ ಇವರು ಬೇರೆಯೇ ಮನುಷ್ಯ. ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ಒಬ್ಬರು ಬಂಡೆಯ ಮುಂದೆ ನಿಂತು ಎಡಕ್ಕೆ, ಬಲಕ್ಕೆ, ನಿಲ್ಲಿಸು ಅಂತ ಕೈ ಮಾಡುತ್ತಾರೆ, ಇನ್ನೊಬ್ಬರು ಹತ್ತಿಸುತ್ತಾರೆ. ಜರ್ಮನ್ ಗಂಡಸರು ಇವರನ್ನು ಕರೆದು ನಿಲ್ಲಿಸಿಕೊಂಡು ದಾರಿ ತೋರಿಸು ಅನ್ನುತ್ತಿದ್ದರು. ನಾನು ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂರುತ್ತಿದ್ದೆ. ಬೇಕರಿಯಲ್ಲಿ ಪೆಚ್ಚಾಗಿ ನಿಲ್ಲುವ ನನ್ನ ಗಂಡ ಇವರೇನಾ ಅನ್ನಿಸುತ್ತಿತ್ತು.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪು ಸೈಲೆನ್ಸರನ್ನು ತಿಂದುಹಾಕಿತು. ಮೊದಲು ಒಂದು ತೂತು, ಆಮೇಲೆ ಮೂರು. ಬೀದಿಯ ತುದಿಗೆ ಬಂದಾಗಲೇ ನನಗೆ ಮನೆಯೊಳಗೆ ಗೊತ್ತಾಗುತ್ತಿತ್ತು, ಅಷ್ಟು ಅಬ್ಬರ. ಇವರು ಮಾತ್ರ, ಈಚೆಗೆ ಜೀಪು ತುಂಬಾ ಚೆನ್ನಾಗಿ ಓಡುತ್ತಿದೆ ಕಣೇ, ಎಂಜಿನ್ ಒಳ್ಳೇ ಹದಕ್ಕೆ ಬಂದಿದೆ ಅನ್ನುತ್ತಿದ್ದರು. ನಾನು ತಲೆ ಚಚ್ಚಿಕೊಂಡೆ. ಎರಡು ವರ್ಷಕ್ಕೊಮ್ಮೆ ಆಗುವ ತಪಾಸಣೆಯಲ್ಲಿ ಗಾಡಿ ಫೇಲಾಯಿತು. ಸೈಲೆನ್ಸರ್ ಬದಲಾಯಿಸದೆ ನಂಬರ್ ಪ್ಲೇಟಿಗೆ ಸ್ಟಿಕ್ಕರ್ ಇಲ್ಲ, ಸ್ಟಿಕ್ಕರ್ ಇಲ್ಲದೆ ರಸ್ತೆಗಿಳಿಯುವ ಹಾಗಿಲ್ಲ. ಕಂಪನಿಯವರು ಈ ಮಾಡೆಲ್ಲಿಗೆ ಸೈಲೆನ್ಸರ್ ಮಾಡುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಹೊರಗಿನವರು ಮಾಡಿದ್ದನ್ನೇ ಹಾಕಿಸಬೇಕಿತ್ತು.

ಮೂರು ವಾರ ಅದೇ ಜಪ. ಮಾಮೂಲಿ ಕಬ್ಬಿಣದ್ದಾದರೆ ಮತ್ತೆ ಉಪ್ಪು ತಿನ್ನುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಆದರೆ ಬಾಳುತ್ತದೆ. ಕೊಳವೆ ಹಿಂದಕ್ಕೆ ಉದ್ದ ಚಾಚಿಕೊಂಡಿದ್ದರೆ ದಿಣ್ಣೆ ಇಳಿಯುವಾಗ ಕಲ್ಲಿಗೆ ಬಡಿಯುತ್ತದೆ, ಹಿಂದಿನ ಚಕ್ರದ ಪಕ್ಕಕ್ಕೇ ಮುಗಿದರೆ ಬಚಾವು. ಸದ್ದಿಗೂ ಮಿತಿ ಇದೆ, ಗಾಡಿಯ ಕಾಗದದಲ್ಲೇ ಬರೆದಿರುತ್ತದೆ, ಅದನ್ನು ಮೀರಿದರೆ ಗಾಡಿಯ ಪರವಾನಗಿಯೇ ಹೋಗುತ್ತದೆ. ಇಷ್ಟೆಲ್ಲ ನನಗೂ ಬಾಯಿಪಾಠವಾಯಿತು. ಫೋನಿನಲ್ಲಿ ಒಂದೊಂದು ಸೈಲೆನ್ಸರಿನ ವಿಡಿಯೋ ಹಾಕಿ ಕೇಳು ಕೇಳು ಅನ್ನುತ್ತಿದ್ದರು, ವಾಲ್ಯೂಮ್ ಪೂರ್ತಿ ಇಟ್ಟು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇವರಿಗೆ ಎಲ್ಲವೂ ಒಂದೇ ತರಹ ಅನ್ನಿಸುತ್ತಿತ್ತು. ಈ ಫೋನಿನ ಸ್ಪೀಕರ್ ಸರಿಯಿಲ್ಲ, ಎದುರಿಗೇ ನಿಂತು ಕೇಳಬೇಕು ಅಂದರು. ಆಗಲೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಹಾಗೆ ಹೋದದ್ದು ಒಂದು ಹಳ್ಳಿಯ ಗ್ಯಾರೇಜಿಗೆ. ಇವರ ಆಫೀಸಿನ ಆಚೆ ದಿಬ್ಬದ ಮೇಲಿದೆ, ಅದರ ಮಾಲೀಕ ಇಂಥ ಗಾಡಿಗಳನ್ನು ಮಾತ್ರ ನೋಡುತ್ತಾನೆ. ಎಪ್ಪತ್ತರ ಹತ್ತಿರದ ಮುದುಕ, ಮೇಲ್ದುಟಿಯ ಮೇಲೆ ದಪ್ಪ ಬಿಳಿ ಮೀಸೆ, ಮಾತಾಡುವುದು ಈ ಕಡೆಯ ಹಳ್ಳಿ ಜರ್ಮನ್, ನನಗೇ ಅರ್ಧ ಅರ್ಥವಾಗುತ್ತದೆ. ಆ ಮೀಸೆಯ ಹಿಂದೆ ತುಟಿಯೇ ಕಾಣಿಸುತ್ತಿರಲಿಲ್ಲ. ಅವನದೊಂದು ಕ್ರಮವಿತ್ತು. ಜನ ಕಣ್ಣಿನಿಂದ ಸದ್ದು ಕೇಳುತ್ತಾರೆ, ದಪ್ಪ ಹೊಳೆಯುವ ಕೊಳವೆ ಕಂಡರೆ ಸದ್ದೂ ಚೆನ್ನಾಗಿದೆ ಅಂದುಕೊಳ್ಳುತ್ತಾರೆ ಅನ್ನುತ್ತಿದ್ದ. ಅದಕ್ಕೇ ಗಿರಾಕಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸುವುದು. ಹಿಂದೆ ಅಂಗಳದಲ್ಲಿ ಅವನ ಮೂರು ಗಾಡಿ, ಮೂರಕ್ಕೂ ಬೇರೆ ಬೇರೆ ಸೈಲೆನ್ಸರ್. ಒಂದಾದ ಮೇಲೆ ಒಂದನ್ನು ಚಾಲೂ ಮಾಡುತ್ತಾನೆ, ಗಿರಾಕಿ ಯಾವುದು ಬೇಕು ಅಂತ ಬೆರಳೆತ್ತಿ ಹೇಳಬೇಕು.

ಇವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಹಬ್ಬದ ದಿನ ಉಡುಗೊರೆ ಕಾಯುವ ಮಗುವಿನ ಹಾಗೆ ಕೈಕಟ್ಟಿಕೊಂಡು ನಿಂತರು. ಮುದುಕ ಮೊದಲನೆಯದನ್ನು ಚಾಲೂ ಮಾಡಿದ. ಮೆತ್ತನೆಯ, ಒಳ್ಳೆಯ ಸದ್ದು. ನನಗೆ ಇದೇ ಸಾಕು ಅನ್ನಿಸಿತು. ಇವರು ಅಲ್ಲಾಡಲಿಲ್ಲ. ಅರ್ಧ ನಿಮಿಷವಾಯಿತು. ಆಮೇಲೆ ಗೋಡೆಯ ಕಡೆ ನೋಡುತ್ತಲೇ, 'ಶುರು ಮಾಡೋಕೆ ಹೇಳು ಕಣೇ, ಯಾಕೆ ನಿಂತಿದ್ದಾನೆ?' ಅಂದರು.

ನಾನು ತಮಾಷೆ ಅಂದುಕೊಂಡು ನಕ್ಕೆ. ಮುದುಕ ನಗಲಿಲ್ಲ. ಕನ್ನಡ ಅವನಿಗೆಲ್ಲಿಂದ ಅರ್ಥವಾಗಬೇಕು, ಆದರೂ ನಗಲಿಲ್ಲ. ಎರಡನೆಯದನ್ನು ಚಾಲೂ ಮಾಡಿದ. ಅದು ಗಡುಸು, ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವಂಥದ್ದು. ಇವರು ತಲೆ ವಾಲಿಸಿ, ಇದು ಪರವಾಗಿಲ್ಲ, ಸ್ವಲ್ಪ ಮೆತ್ತಗಾಯಿತು ಅಂದರು. ಮೂರನೆಯದಕ್ಕೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಎಲ್ಲೋ ನಾಯಿ ಬೊಗಳತೊಡಗಿತು. ಅದನ್ನು ರಸ್ತೆಯಲ್ಲಿ ಹಾಕುವ ಹಾಗೇ ಇಲ್ಲ, ಗಣಿಗೆ ಲಾರಿಯ ಮೇಲೆ ಹೊತ್ತುಕೊಂಡು ಹೋಗುವ ಗಾಡಿ ಅದು. ಇವರು ಬೆರಳೆತ್ತಿದರು. ತಿರುಗಿದಾಗ ಕಣ್ಣು ತುಂಬಿತ್ತು. ಎಷ್ಟು ವರ್ಷವಾಯಿತು ಕಣೇ ಇಷ್ಟು ಸ್ವಚ್ಛವಾದ ಸದ್ದು ಕೇಳಿ ಅಂದರು.

ಇವರು ಗಾಡಿಯ ಕೆಳಗೆ ಬಗ್ಗಿ ಕೊಳವೆ ನೋಡುತ್ತಿದ್ದಾಗ ಮುದುಕ ನನ್ನ ಹತ್ತಿರ ಬಂದ. ನಿಮ್ಮ ಗಂಡನಿಗೆ ಯಾವಾಗಿನಿಂದ ಕೇಳಿಸುವುದಿಲ್ಲ ಅಂತ ಕೇಳಿದ. ನನಗೆ ನಖಶಿಖಾಂತ ಉರಿಯಿತು. ಅವರಿಗೆ ಜರ್ಮನ್ ಬರುವುದಿಲ್ಲ, ಅದಕ್ಕೇ ಹಾಗೆ, ಕಿವಿಗೇನಾಗಿದೆ ಅಂದೆ. ಅವನು ಕೈ ಒರೆಸಿಕೊಳ್ಳುತ್ತಾ ಮೂರೂ ಗಾಡಿಗಳ ಕಡೆ ನೋಡಿದ.

'ಎಂಜಿನ್‌ಗಳೂ ಜರ್ಮನ್ ಮಾತಾಡುವುದಿಲ್ಲವಲ್ಲ' ಅಂದ.

ಅಷ್ಟರಲ್ಲಿ ಇವರು ಎದ್ದು ಬಂದು ಮಾಮೂಲಿನಂತೆ 'ಏನಂತೆ?' ಅಂದರು. ನಾನು ಕಿವಿಯ ಹತ್ತಿರ ಬಾಯಿಟ್ಟು, ನಿಮ್ಮ ಆಯ್ಕೆ ಚೆನ್ನಾಗಿದೆಯಂತೆ, ಆದರೆ ಅದನ್ನು ರಸ್ತೆಗಿಳಿಸಲು ಕಾಗದ ಇಲ್ಲವಂತೆ ಅಂದೆ. ಅಷ್ಟು ವರ್ಷದಲ್ಲಿ ನಾನು ಬೇಕಂತಲೇ ತಪ್ಪು ಹೇಳಿದ್ದು ಅದೇ ಮೊದಲು.

ಮನೆಗೆ ಬಂದು ಊಟ ಮುಗಿಸಿದೆವು. ಇವರು ಪಾತ್ರೆ ತೊಳೆಯಲು ನಿಂತರು, ಶನಿವಾರ ಅದು ಅವರ ಪಾಳಿ. ನಾನು ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ನಲ್ಲಿ ನಿಲ್ಲಿಸುವವರೆಗೆ ಕಾದೆ. ಬಾಯಿಗೆ ಕೈ ಅಡ್ಡ ಹಿಡಿದು, ಕಾಫಿ ಮಾಡಲಾ ಅಂದೆ. ಬಟ್ಟೆಯಿಂದ ಲೋಟ ಒರೆಸುತ್ತಿದ್ದರು. ಮೈಸೂರಿಗೆ ಟಿಕೆಟ್ ತೆಗೆಸೋಣ್ವಾ ಅಂದೆ. ಲೋಟ ಇಟ್ಟು ತಟ್ಟೆ ತೆಗೆದುಕೊಂಡರು. ನನಗೆ ಏನಾಯಿತೋ ಗೊತ್ತಿಲ್ಲ, 'ನಾನು ನಿಮ್ಮನ್ನ ಬಿಟ್ಟು ಹೋಗ್ತಾ ಇದೀನಿ' ಅಂದೆ. ಬಹಳ ಅಚ್ಚುಕಟ್ಟಾಗಿ ತಟ್ಟೆಯ ಅಂಚು ಒರೆಸಿದರು. ಕೀಟಾದ ಆ ತಾಯಿ ಯಾಕೆ ಅತ್ತಳು ಅಂತ ಆವತ್ತು ನನಗೆ ಅರ್ಥವಾಯಿತು.

ಎದುರಿಗೆ ಕೂರಿಸಿಕೊಂಡು ಹೇಳಿದೆ. ಜಗಳವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಜರ್ಮನ್ ತಲೆಗೆ ಹತ್ತುತ್ತಿಲ್ಲ, ನಾನು ದಡ್ಡ ಅಂತಲೇ ತಿಳಿದಿದ್ದೆ ಅಂದರು. ಹಾಗಾದರೆ ಮನೆಯಲ್ಲಿ, ನಾನು ಕನ್ನಡ ಮಾತಾಡುವಾಗ ಅಂತ ಕೇಳಿದೆ.

'ನೀನೇ ಮೆತ್ತಗೆ ಮಾತಾಡೋಕೆ ಶುರು ಮಾಡಿದೀಯ ಅಂದ್ಕೊಂಡೆ ಕಣೇ. ನನ್ನ ಮೇಲೆ ಬೇಜಾರಿರಬೇಕು, ಇರಲಿ ಅಂತ ಸುಮ್ಮನಿದ್ದೆ.'

ಎಷ್ಟು ವರ್ಷದಿಂದ ಹಾಗಂದುಕೊಂಡಿದ್ದಿರಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಕಿವಿ ಡಾಕ್ಟರ ಹತ್ತಿರ ಸಮಯ ಸಿಗಲು ಐದು ವಾರ ಹಿಡಿಯಿತು. ಆಕೆ ಒಳ್ಳೆಯ ಹೆಂಗಸು. ಇವರನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಮೊದಲು ಸದ್ದುಗಳನ್ನು ಕೇಳಿಸಿದರು, ಆಮೇಲೆ ಜರ್ಮನ್ ಪದಗಳನ್ನು. ಕೇಳಿದ ಪದವನ್ನು ತಿರುಗಿ ಹೇಳಬೇಕು. ಇವರು ಗಾಜಿನ ಆಚೆಯಿಂದ ನನ್ನ ಕಡೆ ನೋಡುತ್ತಿದ್ದರು, ಏನಂತೆ ಅನ್ನುವ ಹಾಗೆ. ನಾನು ಒಳಗೆ ಹೋಗಿ ಹೇಳುವ ಹಾಗಿರಲಿಲ್ಲ. ಡಾಕ್ಟರು, ಬಹುಶಃ ಭಾಷೆಯಿಂದಲೂ ಇರಬಹುದು ಅಂದರು. ಅಲ್ಲ ಅಂದೆ, ನಮ್ಮ ಭಾಷೆಯಲ್ಲೂ ಇಷ್ಟೇ, ನಾನೇ ನೋಡಿದ್ದೇನೆ.

ಆಮೇಲೆ ಆಕೆ ಹೇಳಿದ್ದನ್ನೆಲ್ಲ ನಾನೇ ಕನ್ನಡಕ್ಕೆ ತರಬೇಕಾಯಿತು. ಒಳಗಿವಿಯಲ್ಲಿ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಇದು ಇಲ್ಲಿಗೆ ನಿಲ್ಲುವುದೂ ಇಲ್ಲ, ನಿಧಾನವಾಗಿ ಇನ್ನೂ ಇಳಿಯುತ್ತದೆ. ಜೋರು ಸದ್ದಿನ ಹತ್ತಿರ ಹೋಗಬಾರದು, ಉಳಿದದ್ದೂ ಬೇಗ ಹೋಗುತ್ತದೆ. ಕಿವಿಗೆ ಮಿಷನ್ ಹಾಕಬೇಕು. ಇಷ್ಟನ್ನು ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ತಲೆಯಾಡಿಸಿದರು. ಆಕೆ ಇನ್ನೂ ಒಂದು ಮಾತು ಹೇಳಿದ್ದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಆರೇಳು ವರ್ಷ ಮೊದಲೇ ಬಂದಿದ್ದರೆ ಮಾತು ಉಳಿಯುತ್ತಿತ್ತು. ಕೇಳದೆ ಕೇಳದೆ ಮೆದುಳಿಗೆ ಮಾತನ್ನು ಬಿಡಿಸಿಕೊಳ್ಳುವುದೇ ಮರೆತುಹೋಗುತ್ತದೆ, ಈಗ ಮಿಷನ್ ಹಾಕಿದರೆ ಸದ್ದು ಬರುತ್ತದೆ, ಮಾತು ಎಷ್ಟು ಬರುತ್ತದೋ ಹೇಳಲಾರೆ. ಆರೇಳು ವರ್ಷ. ನಾನು ಯುಗಾದಿಗೆ ಎದ್ದು ನಿಂತು ಅಣಕಿಸುತ್ತಿದ್ದ ಆರೇಳು ವರ್ಷ.

'ಇನ್ನೇನಂದ್ರು?' ಅಂತ ಕೇಳಿದರು.

'ಅಷ್ಟೇ' ಅಂದೆ.

ಮಿಷನ್ ಬಂತು. ಎರಡು ಕಿವಿಗೆ ಎರಡು, ಕಡಲೆಬೀಜದಷ್ಟು. ತಟ್ಟೆ ಇಟ್ಟರೆ ಬೆಚ್ಚಿಬೀಳುತ್ತಿದ್ದರು. ಪೇಪರ್ ಮಡಚಿದ ಸದ್ದು, ಟ್ರಾಮ್ ತಿರುವಿನಲ್ಲಿ ಕಿರುಗುಟ್ಟುವುದು, ಫ್ರಿಜ್ಜಿನ ಗುಂಯ್, ಎಲ್ಲ ಒಳಗೆ ನುಗ್ಗುತ್ತಿತ್ತು. ನನ್ನ ಮಾತು ಮಾತ್ರ ಹತ್ತಿಯೊಳಗಿಂದ ಬಂದ ಹಾಗೆ ಅಂದರು. ಬಾಲ್ಕನಿಯಲ್ಲಿ ಕೂತು ನಾನು ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದೆ, ಕೀಟಾದಲ್ಲಿ ಹೇಳಿಕೊಡುವ ಹಾಗೆ. ಬೆವರು ಬಂದುಬಿಡುತ್ತಿತ್ತು ಅವರಿಗೆ. ಕಾಫಿ ಆರಿಹೋಗುತ್ತಿತ್ತು. ಮೂರು ವಾರ ಕಳೆಯುವುದರಲ್ಲಿ ಮಿಷನ್ನುಗಳು ಹೆಚ್ಚುಹೊತ್ತು ಡಬ್ಬಿಯಲ್ಲೇ ಇರತೊಡಗಿದವು. ನಾನು ಗದರಿದರೆ ಹಾಕಿಕೊಳ್ಳುತ್ತಿದ್ದರು, ನಾನು ಅತ್ತ ಹೋದರೆ ತೆಗೆಯುತ್ತಿದ್ದರು.

ಜೀಪು ಇನ್ನೂ ನಮ್ಮ ಮನೆಯ ಅಂಗಳದಲ್ಲೇ ನಿಂತಿತ್ತು. ಸೈಲೆನ್ಸರಿನ ಮಾತೇ ಎತ್ತದವರು ಒಂದು ದಿನ, ಎರಡನೆಯದನ್ನಾದರೂ ಹಾಕಿಸೋಣವಾ ಅಂತ ಮೆಲ್ಲಗೆ ಕೇಳಿದರು. ನಾನು ಡಾಕ್ಟರ ಮಾತು ನೆನಪಿಸಿದೆ. ಹಾಗಾದರೆ ನೀನೇ ಆರಿಸು, ನಿನ್ನ ಕಿವಿಗೆ ಹೇಗೆ ಬೇಕೋ ಹಾಗೆ ಅಂದರು. ವ್ಯಂಗ್ಯವಾಗಿ ಅಂದದ್ದಲ್ಲ, ಅದೇ ನನಗೆ ಇನ್ನೂ ಚುಚ್ಚುವುದು.

ಒಬ್ಬಳೇ ಹೋದೆ. ಮುದುಕನಿಗೆ ಮೊದಲನೆಯದೇ ಬೇಕು, ಆ ಮೆತ್ತನೆಯದು ಅಂದೆ. ಅವನು ಮೀಸೆ ಸವರಿಕೊಂಡು, ಎರಡನೆಯದಕ್ಕೂ ಕಾಗದ ಇದೆ, ಮಿತಿಯೊಳಗೇ ಇದೆ, ನಿಮ್ಮ ಗಂಡನಿಗೆ ಎಂಜಿನ್ ಬದುಕಿದೆಯೋ ಇಲ್ಲವೋ ಅಷ್ಟಾದರೂ ತಿಳಿಯಬೇಕು ಅಂದ. ನಾನು ಕೇಳಲಿಲ್ಲ. ಡಾಕ್ಟರು ಹೇಳಿದ್ದಾರೆ ಅಂದೆ. ಡಾಕ್ಟರು ಹೇಳಿದ್ದು ನಿಜ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಜೀಪಿನೊಳಗೆ ನಿಶ್ಶಬ್ದವಾಗಿದ್ದರೆ, ಮಿಷನ್ ಹಾಕಿಕೊಂಡಿದ್ದರೆ, ಒಂದು ಗಂಟೆಯ ದಾರಿಯಲ್ಲಿ ನನ್ನ ಮಾತು ಅವರಿಗೆ ತಲುಪಬಹುದು ಅನ್ನುವ ಆಸೆ. ಆ ಕಿವಿಗಳಲ್ಲಿ ಉಳಿದಿದ್ದ ಚೂರುಪಾರು ಜಾಗವನ್ನು ಒಂದು ಕೊಳವೆಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ.

ಸೈಲೆನ್ಸರ್ ಹಾಕಿಸಿದ್ದಾಯಿತು, ತಪಾಸಣೆ ಪಾಸಾಯಿತು, ಸ್ಟಿಕ್ಕರ್ ಬಂತು. ಬಂಪರಿಗೆ ಅರಿಶಿನ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹೊರಟೆವು. ಕೀ ತಿರುಗಿಸಿದವರು ಹಾಗೇ ಒಂದು ಕ್ಷಣ ಕೂತರು. ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒತ್ತಿ ಹಿಡಿದರು, ಜ್ವರ ನೋಡುವ ಹಾಗೆ. ಆಮೇಲೆ ಗೇರ್ ಹಾಕಿದರು. ದಾರಿಯುದ್ದಕ್ಕೂ ನಾನು ಮಾತಾಡಿದೆ. ರಸ್ತೆ ನೋಡುವವರು ನನ್ನ ತುಟಿ ನೋಡಿ ಮಾತು ಹಿಡಿಯಲಾರರು ಅನ್ನುವುದು ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು.

ಗಣಿಯಲ್ಲಿ ಗಾಳಿ ಜೋರಾಗಿತ್ತು. ಮಿಷನ್ನಿನೊಳಗೆ ಗಾಳಿ ಊಳಿಡುತ್ತದೆ ಅಂತ ತೆಗೆದು ಜೇಬಿಗೆ ಹಾಕಿಕೊಂಡರು. ಮೊದಲ ದಿಣ್ಣೆಗೇ ಎಂಜಿನ್ ನಿಂತಿತು. ಇವರು ಯಾವತ್ತೂ ಸದ್ದು ಹಿಡಿದು ಹತ್ತಿಸುವವರು, ಎಂಜಿನ್ ನರಳುವುದು ಕೇಳಿ ಕಾಲು ಒತ್ತುವವರು. ಇನ್ನೊಂದು ಸಲ ಹತ್ತಿಸಲು ಹೋದರು, ಅರ್ಧಕ್ಕೆ ಮತ್ತೆ ನಿಂತಿತು. ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದ ಜರ್ಮನ್ ಗೆಳೆಯ ಏನಾಯಿತು ಅಂತ ಹುಬ್ಬು ಹಾರಿಸಿದ. ಇವರು ಬೇಡ ಅಂತ ಕೈಯಾಡಿಸಿ, ಹಿಂದೆ ಸರಿದು, ಗಾಡಿಗಳೆಲ್ಲ ನಿಲ್ಲುವ ಜಾಗಕ್ಕೆ ಬಂದು ನಿಲ್ಲಿಸಿದರು.

ಎಂಜಿನ್ ಓಡುತ್ತಲೇ ಇತ್ತು. ನನ್ನ ಆಯ್ಕೆಯ ಸೈಲೆನ್ಸರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ, ಆ ಗಾಳಿಯಲ್ಲಿ ನನಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇವರು ನಿಂತುಹೋಗಿದೆ ಅಂದುಕೊಂಡು ಕೀ ತಿರುಗಿಸಿದರು. ಓಡುವ ಎಂಜಿನ್ನಿಗೆ ಸ್ಟಾರ್ಟರ್ ಹಲ್ಲು ಕೊಟ್ಟರೆ ಹೇಗೆ ಕಿರುಚುತ್ತದೆ ಅಂತ ಕೇಳಿದವರಿಗೆ ಗೊತ್ತು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರೊಬ್ಬರನ್ನು ಬಿಟ್ಟು. ಮತ್ತೆ ತಿರುಗಿಸಿದರು, ಮತ್ತೆ ಕಿರುಚಿತು. ನಾನು ಮಣಿಕಟ್ಟು ಹಿಡಿದುಕೊಂಡೆ. 'ಆನ್ ಆಗೇ ಇದೆ ರೀ' ಅಂದೆ. ಮುಳ್ಳಿನ ಕಡೆ ನೋಡಿದರು, ಎಂಜಿನ್ ತಿರುಗುವುದನ್ನು ತೋರಿಸುವ ಆ ಮುಳ್ಳು ಅಲ್ಲಾಡುತ್ತಿತ್ತು. ಕೀ ಬಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಯಾರೋ ಕೈಬೀಸಿದರು, ಇವರು ತಲೆಯೆತ್ತಲಿಲ್ಲ.

ಮಾರಿಬಿಡೋಣ ಕಣೇ ಅಂದರು.

ನನಗೆ ತಡೆಯಲಾಗಲಿಲ್ಲ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ, ಮುಂದಿನ ಗಾಜು ನೋಡುತ್ತಾ ಹೇಳಿದೆ. ಆ ಡಾಕ್ಟರು ಇನ್ನೂ ಒಂದು ಮಾತು ಹೇಳಿದ್ದರು, ನಾನು ನಿಮಗೆ ಹೇಳಲಿಲ್ಲ, ಮೊದಲೇ ಕರೆದುಕೊಂಡು ಹೋಗಿದ್ದರೆ ಮಾತು ಉಳಿಯುತ್ತಿತ್ತಂತೆ ಅಂದೆ. ನಿಮ್ಮನ್ನು ಬೈದೆ, ಅಣಕಿಸಿದೆ, ನೋಡಬೇಕಾದವಳು ನೋಡಲಿಲ್ಲ ಅಂದೆ. 'ನಿಮ್ಮ ಕಿವಿ ಕಳೆದವಳು ನಾನೇ ರೀ' ಅಂದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ತಿರುಗಿದೆ.

ಇವರು ನನ್ನನ್ನೇ ನೋಡುತ್ತಿದ್ದರು. ತಲೆ ಸ್ವಲ್ಪ ಒಂದು ಪಕ್ಕಕ್ಕೆ ವಾಲಿತ್ತು, ಕಣ್ಣು ಚಿಕ್ಕದಾಗಿತ್ತು. ನಕ್ಕರು. ಎರಡು ಸಲ ತಲೆಯಾಡಿಸಿ, 'ಹೌದು, ಹೌದು' ಅಂದರು.

ಆ ನಗು ನನಗೆ ಗೊತ್ತು. ಬೇಕರಿಯಲ್ಲಿ, ಬಸ್ಸಿನಲ್ಲಿ, ಕೆಳಗಿನ ಮನೆಯ ಅಜ್ಜಿಯ ಮುಂದೆ ನೋಡಿದ್ದೆ. ನನ್ನ ಕಡೆ ಅದು ಯಾವತ್ತೂ ತಿರುಗಿರಲಿಲ್ಲ. 'ಏನಂದೆ?' ಅಂತ ಕೇಳಲೂ ಇಲ್ಲ ಇವರು. ನಾನೂ ತಲೆಯಾಡಿಸಿ ನಕ್ಕೆ. ಆ ಮಾತನ್ನು ಎದುರಿಗೆ ಕೂತು ಇನ್ನೊಮ್ಮೆ ಹೇಳಲು ನನಗೆ ಇವತ್ತಿಗೂ ಆಗಿಲ್ಲ.